ಸಿಲೋನ್ ಡೊಮಿನಿಯನ್, 1948–1972: ಪಕ್ಷಗಳ ಪೈಪೋಟಿಯಲ್ಲಿ ಒಂದು ದೇಶ ಕಟ್ಟಿದ ಬಗೆ

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಓಡಾಡಿದವರು ಅಲ್ಲಿನ ಸರ್ಕಾರಿ ರಬ್ಬರ್ ತೋಟಗಳನ್ನು ನೋಡಿರ್ತೀರಿ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ರಬ್ಬರ್ ಹಾಲು ಇಳಿಸುತ್ತಾ ಬಂದ ತಮಿಳು ಕುಟುಂಬಗಳಿವೆ. ಇವರು ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಬಂದವರಲ್ಲ. ಶ್ರೀಲಂಕಾದ ಟೀ, ರಬ್ಬರ್ ತೋಟಗಳಲ್ಲಿ ಹುಟ್ಟಿ ಬೆಳೆದವರು, ಅಥವಾ ಅಂಥವರ ಮಕ್ಕಳು, ಮೊಮ್ಮಕ್ಕಳು. ಇವರು ಇಲ್ಲಿಗೆ ಬರೋದಕ್ಕೆ ಮೂಲ ಕಾರಣ 1948ರಲ್ಲಿ ಕೊಲಂಬೋದ ಸಂಸತ್ತು ಮಾಡಿದ ಒಂದು ಕಾನೂನು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ.

ಶ್ರೀಲಂಕಾ ಅಂದ ಕೂಡಲೇ ನಮಗೆ ಎಲ್‌ಟಿಟಿಇ, ಯುದ್ಧ, ಈಚಿನ ಆರ್ಥಿಕ ಕುಸಿತ ನೆನಪಾಗುತ್ತವೆ. ಆದರೆ ಇದಕ್ಕೆಲ್ಲ ಮೊದಲು 24 ವರ್ಷಗಳ ಒಂದು ಕಾಲಘಟ್ಟವಿತ್ತು. ಆಗ ದೇಶದ ಹೆಸರು ಸಿಲೋನ್. ಕಾಲಕಾಲಕ್ಕೆ ಚುನಾವಣೆ ನಡೀತಿತ್ತು, ಸರ್ಕಾರಗಳು ಸೋಲುತ್ತಿದ್ದವು, ಸೋತವರು ಕುರ್ಚಿ ಬಿಟ್ಟು ಇಳೀತಿದ್ದರು. ಏಷ್ಯಾದ ಮಾದರಿ ಪ್ರಜಾಪ್ರಭುತ್ವ ಅಂತ ಹೊಗಳಿಸಿಕೊಂಡ ದೇಶ ಅದು. ಅಂಥ ಕಡೆ, ಚುನಾವಣೆ ಮತ್ತು ಬಹುಮತದ ದಾರಿಯಲ್ಲೇ ಸಾಗಿ, ದೇಶ ಎರಡು ಹೋಳಾಗುವ ಸ್ಥಿತಿಗೆ ಬಂದಿದ್ದು ಹೇಗೆ?

ಡೊಮಿನಿಯನ್ ಅಂದರೇನು?

ಡೊಮಿನಿಯನ್ ಅಂದರೆ ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸ್ವಯಮಾಡಳಿತದ ದೇಶ. ಕಾನೂನು ಮಾಡೋದು, ಸರ್ಕಾರ ನಡೆಸೋದು ಅಲ್ಲಿನ ಸಂಸತ್ತು. ಆದರೆ ರಾಷ್ಟ್ರದ ಮುಖ್ಯಸ್ಥ ಬ್ರಿಟನ್ನಿನ ರಾಜ ಅಥವಾ ರಾಣಿ. ಅವರ ಪರವಾಗಿ ಗವರ್ನರ್ ಜನರಲ್ ಇರುತ್ತಾರೆ. ಭಾರತವೂ 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಡೊಮಿನಿಯನ್ ಆಗಿತ್ತು. ಪಾಕಿಸ್ತಾನ 1956ರವರೆಗೆ ಹಾಗೇ ಇತ್ತು. ಸಿಲೋನ್ ಮಾತ್ರ 1948ರ ಫೆಬ್ರವರಿ 4ರಿಂದ 1972ರ ಮೇ 22ರವರೆಗೆ ಡೊಮಿನಿಯನ್ ಆಗಿಯೇ ಉಳಿಯಿತು.

ಅದರ ಕುರುಹುಗಳು ಎದ್ದು ಕಾಣುತ್ತಿದ್ದವು. ಕೊನೆಯ ಮೇಲ್ಮನವಿ ಹೋಗುತ್ತಿದ್ದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಟ್ರಿಂಕೋಮಲಿಯ ನೌಕಾನೆಲೆ, ಕಟುನಾಯಕೆಯ ವಾಯುನೆಲೆ 1957ರವರೆಗೂ ಬ್ರಿಟಿಷರ ಕೈಯಲ್ಲಿದ್ದವು. ಇದೆಂಥ ಸ್ವಾತಂತ್ರ್ಯ ಎಂದು ಕೇಳಿ ಸೋವಿಯತ್ ಒಕ್ಕೂಟ ವೀಟೊ ಹಾಕಿದ್ದರಿಂದ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿದ್ದು 1955ರಲ್ಲಿ.

ಸಂವಿಧಾನದ ವಿಷಯದಲ್ಲೂ ಭಾರತಕ್ಕೂ ಸಿಲೋನ್‌ಗೂ ದೊಡ್ಡ ವ್ಯತ್ಯಾಸವಿತ್ತು. ನಮ್ಮಲ್ಲಿ ಸಂವಿಧಾನ ಸಭೆ ಸುಮಾರು ಮೂರು ವರ್ಷ ಕೂತು ಚರ್ಚೆ ಮಾಡಿತು. ಸಿಲೋನ್‌ನ ಸಂವಿಧಾನ ರೂಪುಗೊಂಡಿದ್ದು ಅಲ್ಲಿನ ಮಂತ್ರಿಗಳ ಕರಡು ಮತ್ತು ಬ್ರಿಟನ್ ಕಳಿಸಿದ ಸೋಲ್ಬರಿ ಆಯೋಗದ ವರದಿಯ ಮೇಲೆ. ಅದರಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವೇ ಇರಲಿಲ್ಲ. ಅಲ್ಪಸಂಖ್ಯಾತರ ರಕ್ಷಣೆಗೆ ಇದ್ದದ್ದು ಮುಖ್ಯವಾಗಿ 29ನೇ ಸೆಕ್ಷನ್. ಬೇರೆಯವರಿಗೆ ಇಲ್ಲದ ನಿರ್ಬಂಧವನ್ನು ಒಂದು ಸಮುದಾಯ ಅಥವಾ ಧರ್ಮದವರ ಮೇಲೆ ಮಾತ್ರ ಹೇರುವ ಕಾನೂನು ಮಾಡುವಂತಿಲ್ಲ ಅನ್ನೋದು ಅದರ ಸಾರ. ಈ ಸೆಕ್ಷನ್ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಒಂದು ವಿಷಯದಲ್ಲಿ ಮಾತ್ರ ಸಿಲೋನ್ ನಮಗಿಂತ ಬಹಳ ಮುಂದಿತ್ತು. 1931ರಲ್ಲೇ ಅಲ್ಲಿ ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ವಯಸ್ಕ ಮತದಾನ ಜಾರಿಗೆ ಬಂದಿತ್ತು. ಬ್ರಿಟನ್‌ನಲ್ಲೇ ಹೆಂಗಸರಿಗೆ ಗಂಡಸರಷ್ಟು ಮತದಾನದ ಹಕ್ಕು ಸಿಕ್ಕಿದ್ದು 1928ರಲ್ಲಿ.

ಕಣದಲ್ಲಿ ಯಾರ್ಯಾರಿದ್ದರು?

*ಯುನೈಟೆಡ್ ನ್ಯಾಷನಲ್ ಪಾರ್ಟಿ, ಅಂದರೆ ಯುಎನ್‌ಪಿ.* 1946ರಲ್ಲಿ ಡಿ.ಎಸ್. ಸೇನಾನಾಯಕೆ ಕಟ್ಟಿದ್ದು. ಜಮೀನ್ದಾರರು, ತೋಟದ ಮಾಲೀಕರು, ಇಂಗ್ಲಿಷ್ ಕಲಿತ ವಕೀಲರು ಇದರ ಬೆನ್ನೆಲುಬು. ಸಿಂಹಳೀಯರು, ತಮಿಳರು, ಮುಸ್ಲಿಮರು ಎಲ್ಲರೂ ಇದ್ದರು. ಆದರೆ ಎಲ್ಲರೂ ಮೇಲ್ವರ್ಗದವರೇ.

*ಲಂಕಾ ಸಮಸಮಾಜ ಪಕ್ಷ ಮತ್ತು ಕಮ್ಯುನಿಸ್ಟ್ ಪಕ್ಷ.* ಸಮಸಮಾಜ ಪಕ್ಷ 1935ರಲ್ಲಿ ಹುಟ್ಟಿದ ಟ್ರಾಟ್‌ಸ್ಕಿವಾದಿ ಪಕ್ಷ. ಎನ್.ಎಂ. ಪೆರೇರಾ, ಕಾಲ್ವಿನ್ ಆರ್. ಡಿ ಸಿಲ್ವಾ ಇದರ ನಾಯಕರು. ಭಾಷೆ, ಜನಾಂಗ ಮೀರಿ ಕಾರ್ಮಿಕರನ್ನು ಒಟ್ಟುಗೂಡಿಸಿದ್ದು ಎಡಪಕ್ಷಗಳ ಹೆಗ್ಗಳಿಕೆ.

*ತಮಿಳ್ ಕಾಂಗ್ರೆಸ್.* ಜಿ.ಜಿ. ಪೊನ್ನಂಬಲಂ ನಾಯಕತ್ವದ, ಉತ್ತರ ಭಾಗದ ತಮಿಳರ ಪಕ್ಷ. ಇವರು ಶತಮಾನಗಳಿಂದ ದ್ವೀಪದಲ್ಲೇ ಇದ್ದ, ಜಾಫ್ನಾ ಮುಂತಾದ ಕಡೆಯ ತಮಿಳರು.

*ಸಿಲೋನ್ ಇಂಡಿಯನ್ ಕಾಂಗ್ರೆಸ್.* 1939ರಲ್ಲಿ ಹುಟ್ಟಿದ್ದು. ತೋಟದ ಕಾರ್ಮಿಕರ ಪಕ್ಷ. ಇವರೂ ತಮಿಳರೇ, ಆದರೆ ಇವರ ಕಥೆ ಬೇರೆ. 19ನೇ ಶತಮಾನದಲ್ಲಿ ಮೊದಲು ಕಾಫಿಗಾಗಿ, ಆಮೇಲೆ ಟೀಗಾಗಿ ಬ್ರಿಟಿಷ್ ಪ್ಲಾಂಟರ್‌ಗಳು ತಿರುಚ್ಚಿ, ಮಧುರೈ, ರಾಮನಾಡ್ ಕಡೆಯಿಂದ ಕರೆತಂದವರು. ಬಹಳಷ್ಟು ಮಂದಿ ದಲಿತರು, ಬಡವರು. ಜಾಫ್ನಾದ ಮೇಲ್ಜಾತಿ ತಮಿಳರಿಗೂ ಇವರಿಗೂ ಒಡನಾಟ ಕಡಿಮೆ.

1947ರ ಚುನಾವಣೆಯಲ್ಲಿ 95 ಸ್ಥಾನಗಳಲ್ಲಿ ಯುಎನ್‌ಪಿಗೆ ಸಿಕ್ಕಿದ್ದು 42. ಬಹುಮತವಿಲ್ಲ. ಪಕ್ಷೇತರರನ್ನು ಸೇರಿಸಿಕೊಂಡು ಸೇನಾನಾಯಕೆ ಸರ್ಕಾರ ಮಾಡಿದರು. ಎದುರಿಗೆ ಎಡಪಕ್ಷಗಳು ಬಲವಾಗಿದ್ದವು. ಬೆಟ್ಟಪ್ರದೇಶದ ತೋಟಗಳಿಂದ ಇಂಡಿಯನ್ ಕಾಂಗ್ರೆಸ್‌ನ ಅಭ್ಯರ್ಥಿಗಳು ಗೆದ್ದು ಬಂದಿದ್ದರು. ಬೇರೆ ಕೆಲವು ಕ್ಷೇತ್ರಗಳಲ್ಲೂ ತೋಟದ ಮತಗಳು ಎಡಪಕ್ಷಗಳ ಕೈ ಹಿಡಿದಿದ್ದವು. ಆಳುವ ಪಕ್ಷಕ್ಕೆ ಇದು ಎಚ್ಚರಿಕೆಯ ಗಂಟೆ.

ಯಾರು ನಮ್ಮವರಲ್ಲ ಎಂಬ ಮೊದಲ ತೀರ್ಮಾನ

ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಪೌರತ್ವ ಕಾಯ್ದೆ ಬಂತು. ಅದರಲ್ಲಿ 'ತಮಿಳು' ಅನ್ನೋ ಪದವೇ ಇರಲಿಲ್ಲ. ದ್ವೀಪದಲ್ಲಿ ಹುಟ್ಟಿದರೆ ಸಾಲದು, ಅಪ್ಪನೂ ಇಲ್ಲೇ ಹುಟ್ಟಿರಬೇಕು, ಇಲ್ಲವೇ ಅಪ್ಪನ ಕಡೆಯ ಅಜ್ಜ, ಮುತ್ತಜ್ಜ ಇಬ್ಬರೂ ಇಲ್ಲೇ ಹುಟ್ಟಿರಬೇಕು ಅಂತ ಹೇಳಿತು. ನೋಡೋದಕ್ಕೆ ಎಲ್ಲರಿಗೂ ಅನ್ವಯಿಸುವ ನಿಯಮ. ಆದರೆ ತೋಟದ ಲೈನ್ ಮನೆಗಳಲ್ಲಿ ಹುಟ್ಟಿದವರ ಹತ್ತಿರ ಅಪ್ಪನ ಜನನ ಪತ್ರ ಎಲ್ಲಿಂದ ಬರಬೇಕು? ಹಳ್ಳಿಯ ಎಷ್ಟೋ ಸಿಂಹಳೀಯರ ಹತ್ತಿರವೂ ಅಂಥ ಪತ್ರ ಇರಲಿಲ್ಲ. ಆದರೆ ಅವರನ್ನು ಯಾರೂ ಕೇಳಲಿಲ್ಲ.

1949ರಲ್ಲಿ ಇನ್ನೆರಡು ಕಾಯ್ದೆ ಬಂದವು. ಒಂದು, ಭಾರತ ಮತ್ತು ಪಾಕಿಸ್ತಾನ ಮೂಲದ ನಿವಾಸಿಗಳು ಅರ್ಜಿ ಹಾಕಿ ಪೌರತ್ವ ಪಡೆಯುವ ಕಾಯ್ದೆ. ವಾಸದ ಅವಧಿ, ಆದಾಯ ಎಲ್ಲಕ್ಕೂ ಸಾಕ್ಷ್ಯ ಬೇಕು. ಎಂಟು ಲಕ್ಷಕ್ಕೂ ಹೆಚ್ಚು ಜನರಿಗಾಗಿ ಅರ್ಜಿಗಳು ಬಂದವು. ಪೌರತ್ವ ಸಿಕ್ಕಿದ್ದು ಸುಮಾರು 1.34 ಲಕ್ಷ ಜನರಿಗೆ. ಇನ್ನೊಂದು, ಪೌರರಿಗೆ ಮಾತ್ರ ಮತದಾನದ ಹಕ್ಕು ಎಂಬ ಚುನಾವಣಾ ತಿದ್ದುಪಡಿ. 1947ರಲ್ಲಿ ಸಾಲುಗಟ್ಟಿ ಮತ ಹಾಕಿದ್ದ ತೋಟದ ಕಾರ್ಮಿಕರು 1952ರ ಹೊತ್ತಿಗೆ ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಸಂಸತ್ತಿನಲ್ಲಿ ಅವರ ಪಕ್ಷದ ಒಬ್ಬ ಪ್ರತಿನಿಧಿಯೂ ಉಳಿಯಲಿಲ್ಲ.

29ನೇ ಸೆಕ್ಷನ್ ಏನು ಮಾಡಿತು? ಪ್ರಕರಣ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1953ರಲ್ಲಿ ಅಲ್ಲಿನ ನ್ಯಾಯಮೂರ್ತಿಗಳು, ತನ್ನ ಪೌರರು ಯಾರು ಅಂತ ತೀರ್ಮಾನಿಸೋದು ಪ್ರತಿ ದೇಶದ ಸಹಜ ಅಧಿಕಾರ, ಇದರಲ್ಲಿ ಸಮುದಾಯದ ತಾರತಮ್ಯ ಕಾಣುವುದಿಲ್ಲ ಎಂಬ ನಿಲುವು ತಗೊಂಡರು. ಕಾನೂನಿನ ಪಠ್ಯ ತಟಸ್ಥವಾಗಿದ್ದರೆ ಸಾಕು, ಪರಿಣಾಮ ಯಾರ ಮೇಲೆ ಅನ್ನೋದು ಮುಖ್ಯವಲ್ಲ ಅಂದಂತಾಯ್ತು.

ಇಲ್ಲಿ ತಮಿಳ್ ಕಾಂಗ್ರೆಸ್‌ನ ನಡೆಯನ್ನೂ ನೋಡಬೇಕು. 1948ರ ಕಾಯ್ದೆಯನ್ನು ಪೊನ್ನಂಬಲಂ ವಿರೋಧಿಸಿದ್ದರು. ಆಮೇಲೆ ಸೇನಾನಾಯಕೆ ಸಂಪುಟದಲ್ಲಿ ಮಂತ್ರಿಯಾದರು, ಮುಂದಿನ ಕಾಯ್ದೆಗೆ ಬೆಂಬಲ ಕೊಟ್ಟರು. ಅವರದೇ ಪಕ್ಷದ ಎಸ್.ಜೆ.ವಿ. ಚೆಲ್ವನಾಯಗಂ ಒಪ್ಪಲಿಲ್ಲ. ಇವತ್ತು ತೋಟದವರಿಗೆ ಆಗಿದ್ದು ನಾಳೆ ಭಾಷೆಯ ಹೆಸರಲ್ಲಿ ನಮಗೂ ಆಗುತ್ತೆ ಅನ್ನೋದು ಅವರ ವಾದ. ಪಕ್ಷ ಒಡೆದು 1949ರ ಡಿಸೆಂಬರ್‌ನಲ್ಲಿ ಫೆಡರಲ್ ಪಾರ್ಟಿ ಕಟ್ಟಿದರು. ಅವರ ಮಾತು ನಿಜವಾಗೋಕೆ ಏಳು ವರ್ಷವೂ ಬೇಕಾಗಲಿಲ್ಲ.

ಮತಪಟ್ಟಿ ಬದಲಾದರೆ ರಾಜಕೀಯವೂ ಬದಲಾಗುತ್ತೆ

ಈ ಕಾಯ್ದೆಗಳ ಪರಿಣಾಮ ತೋಟದ ಗಡಿ ದಾಟಿ ಇಡೀ ದೇಶದ ರಾಜಕೀಯದ ಲೆಕ್ಕವನ್ನೇ ಬದಲಿಸಿತು. ಅದು ಹೇಗೆ ಅಂತ ನೋಡೋಣ.

ಸೋಲ್ಬರಿ ಸಂವಿಧಾನದಲ್ಲಿ ಕ್ಷೇತ್ರ ವಿಂಗಡಣೆಗೆ ಒಂದು ಸೂತ್ರವಿತ್ತು: ಪ್ರತಿ 75 ಸಾವಿರ ಜನಕ್ಕೆ ಒಂದು ಸ್ಥಾನ, ಜೊತೆಗೆ ಪ್ರತಿ 1000 ಚದರ ಮೈಲಿಗೆ ಒಂದು ಹೆಚ್ಚುವರಿ ಸ್ಥಾನ. ಎಣಿಸುತ್ತಿದ್ದದ್ದು ಜನಸಂಖ್ಯೆಯನ್ನು, ಮತದಾರರನ್ನಲ್ಲ. ಅಂದರೆ ಮತ ಕಳೆದುಕೊಂಡ ತೋಟದ ಕಾರ್ಮಿಕರು ಸ್ಥಾನಗಳ ಲೆಕ್ಕಕ್ಕೆ ಬೇಕು, ಮತಗಟ್ಟೆಗೆ ಬೇಡ. ಅವರ ಹೆಸರಲ್ಲಿ ಸಿಕ್ಕ ಸ್ಥಾನಗಳನ್ನು ಆರಿಸೋದು ಅದೇ ಬೆಟ್ಟಪ್ರದೇಶದ ಸಿಂಹಳ ಗ್ರಾಮಸ್ಥರು. ಹೀಗಾಗಿ ಗ್ರಾಮೀಣ ಸಿಂಹಳ ಮತಕ್ಕೆ ಅದರ ಸಂಖ್ಯೆಗಿಂತ ಹೆಚ್ಚು ತೂಕ ಬಂತು.

ಯಾವುದೇ ಪಕ್ಷ ಗೆಲ್ಲಬೇಕಾದರೆ ಈ ಮತವನ್ನೇ ಹಿಡೀಬೇಕು. ಅಲ್ಪಸಂಖ್ಯಾತರ ಮತವಿಲ್ಲದೆಯೂ ಬಹುಮತ ಸಾಧ್ಯ. ಹೀಗೆ ಲೆಕ್ಕ ಬದಲಾದ ಮೇಲೆ, ಎರಡು ದೊಡ್ಡ ಪಕ್ಷಗಳು ಒಂದೇ ಮತದಾರನ ಮುಂದೆ ನಿಂತು ಹರಾಜು ಕೂಗೋದು ಬಿಟ್ಟರೆ ಬೇರೆ ದಾರಿ ಯೋಚಿಸಲಿಲ್ಲ.

ಎರಡನೇ ದೊಡ್ಡ ಪಕ್ಷ ಹುಟ್ಟಿದ್ದು 1951ರಲ್ಲಿ. ಯುಎನ್‌ಪಿಯಲ್ಲಿ ಮಂತ್ರಿಯಾಗಿದ್ದ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಹೊರಬಂದು ಶ್ರೀಲಂಕಾ ಫ್ರೀಡಂ ಪಾರ್ಟಿ ಕಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಓದಿದವರು, ಒಳ್ಳೆಯ ಇಂಗ್ಲಿಷ್ ವಾಗ್ಮಿ. 1926ರಲ್ಲಿ ಈ ದೇಶಕ್ಕೆ ಒಕ್ಕೂಟ ವ್ಯವಸ್ಥೆಯೇ ಸರಿ ಅಂತ ಲೇಖನ ಬರೆದವರೂ ಅವರೇ.

ಹರತಾಳ: ಬೇರೊಂದು ದಾರಿಯೂ ಇತ್ತು

ಜನ ಜನಾಂಗದ ಗೆರೆ ಬಿಟ್ಟು ಬೇರೆ ರೀತಿ ಒಂದಾಗೋದು ಸಾಧ್ಯವೇ ಇರಲಿಲ್ಲ ಅಂತಲ್ಲ. 1952ರಲ್ಲಿ ಕುದುರೆಯಿಂದ ಬಿದ್ದು ಡಿ.ಎಸ್. ಸೇನಾನಾಯಕೆ ತೀರಿಕೊಂಡರು. ಮಗ ಡಡ್ಲಿ ಸೇನಾನಾಯಕೆ ಪ್ರಧಾನಿಯಾಗಿ ಚುನಾವಣೆ ಗೆದ್ದರು. ಮರುವರ್ಷ ಪಡಿತರ ಅಕ್ಕಿಯ ಸಬ್ಸಿಡಿಗೆ ಕತ್ತರಿ ಹಾಕಿ, ಬೆಲೆ ಏರಿಸಿದರು. 1953ರ ಆಗಸ್ಟ್ 12ರಂದು ಎಡಪಕ್ಷಗಳ ಕರೆಗೆ ದೇಶದ ಅನೇಕ ಕಡೆ ಜನಜೀವನವೇ ನಿಂತಿತು. ರೈಲು ನಿಂತವು, ರಸ್ತೆಗಳು ಬಂದ್ ಆದವು. ಸಚಿವ ಸಂಪುಟ ಕೊಲಂಬೋ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ಸಭೆ ಸೇರಬೇಕಾಯ್ತು. ಪೊಲೀಸ್ ಗುಂಡಿಗೆ ಜನ ಸತ್ತರು. ಅಕ್ಟೋಬರ್‌ನಲ್ಲಿ ಡಡ್ಲಿ ರಾಜೀನಾಮೆ ಕೊಟ್ಟರು.

ಸಿಂಹಳರೂ ತಮಿಳರೂ ಅಕ್ಕಿಯ ಬೆಲೆಗಾಗಿ ಒಟ್ಟಿಗೆ ಬೀದಿಗಿಳಿದ ದಿನ ಅದು. ಆದರೆ ಎಡಪಕ್ಷಗಳು ಅದನ್ನು ಒಂದು ದಿನದ ಮುಷ್ಕರವಾಗಿಯೇ ಮುಗಿಸಿದವು. ಆ ಸಿಟ್ಟಿನ ರಾಜಕೀಯ ಲಾಭ ಸಿಕ್ಕಿದ್ದು ಹರತಾಳದ ಮುಂಚೂಣಿಯಲ್ಲಿ ಇಲ್ಲದಿದ್ದ ಬಂಡಾರನಾಯಕೆಗೆ.

1956: ಇಪ್ಪತ್ನಾಲ್ಕು ಗಂಟೆಯ ಭರವಸೆ

ಭಾಷೆಯ ಪ್ರಶ್ನೆ ಸುಳ್ಳು ಪ್ರಶ್ನೆಯೇನಲ್ಲ. ಸ್ವಾತಂತ್ರ್ಯ ಬಂದರೂ ಕಚೇರಿ, ಕೋರ್ಟು, ಟೆಲಿಗ್ರಾಂ ಎಲ್ಲ ಇಂಗ್ಲಿಷಿನಲ್ಲೇ ನಡೀತಿದ್ದವು. ಇಂಗ್ಲಿಷ್ ಬಲ್ಲವರು ಬಹಳ ಸಣ್ಣ ವರ್ಗ. ಸಿಂಹಳದಲ್ಲಿ ಓದಿದ ಹಳ್ಳಿಯ ಮೇಷ್ಟರು, ಆಯುರ್ವೇದ ವೈದ್ಯರು, ಬೌದ್ಧ ಭಿಕ್ಖುಗಳಿಗೆ ತಮ್ಮದೇ ದೇಶದಲ್ಲಿ ತಾವು ಎರಡನೇ ದರ್ಜೆಯವರು ಅನ್ನಿಸಿದ್ದು ಸಹಜ. ಜಾಫ್ನಾದಲ್ಲಿ ಮಿಷನರಿ ಶಾಲೆಗಳು ಹೆಚ್ಚಿದ್ದರಿಂದ ಸರ್ಕಾರಿ ಕೆಲಸಗಳಲ್ಲಿ ತಮಿಳರ ಪಾಲು ಅವರ ಜನಸಂಖ್ಯೆಗಿಂತ ಹೆಚ್ಚಿತ್ತು ಅನ್ನೋದೂ ನಿಜ. ಕರ್ನಾಟಕದಲ್ಲಿ ಕನ್ನಡಕ್ಕಾಗಿ ಹೋರಾಡಿದವರಿಗೆ ಈ ನೋವು ಅರ್ಥವಾಗದೇ ಇರೋದಿಲ್ಲ.

ಪರಿಹಾರವೂ ಕಣ್ಣ ಮುಂದೇ ಇತ್ತು. 1944ರಲ್ಲಿ ಜೆ.ಆರ್. ಜಯವರ್ಧನೆ ಸಿಂಹಳವನ್ನು ಅಧಿಕೃತ ಭಾಷೆ ಮಾಡಬೇಕೆಂಬ ನಿರ್ಣಯ ತಂದಾಗ, ಸದನ ಅದಕ್ಕೆ ತಮಿಳನ್ನೂ ಸೇರಿಸಿಯೇ ಒಪ್ಪಿತ್ತು. ಬಂಡಾರನಾಯಕೆಯ ಹೊಸ ಪಕ್ಷದ ಮೊದಲ ಪ್ರಣಾಳಿಕೆಯೂ ಸಿಂಹಳ, ತಮಿಳು ಎರಡೂ ಬೇಕು ಎಂದಿತ್ತು. ಇಂಗ್ಲಿಷ್ ಜಾಗಕ್ಕೆ ನಾಡಿನ ಎರಡೂ ಭಾಷೆ ಬರಲಿ ಅನ್ನೋದು ಆಗ ಎಲ್ಲರೂ ಒಪ್ಪಿದ್ದ ಮಾತು.

ಚುನಾವಣೆ ಹತ್ತಿರ ಬಂದಂತೆ ಈ ಮಾತು ಕರಗಿತು. ಪ್ರಧಾನಿ ಜಾನ್ ಕೊತಲಾವಲ ಜಾಫ್ನಾಕ್ಕೆ ಹೋದಾಗ ಎರಡೂ ಭಾಷೆಗೆ ಸಮಾನ ಸ್ಥಾನದ ಭರವಸೆ ಕೊಟ್ಟರು. ದಕ್ಷಿಣದಲ್ಲಿ ಗದ್ದಲವೆದ್ದಿತು. ಬಂಡಾರನಾಯಕೆ 'ಸಿಂಹಳ ಮಾತ್ರ' ಅಂದರು, ಅದೂ ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ. 1956ರ ಫೆಬ್ರವರಿಯಲ್ಲಿ ಯುಎನ್‌ಪಿ ಕೆಲಣಿಯಾದಲ್ಲಿ ಸಮ್ಮೇಳನ ಮಾಡಿ ತಾನೂ 'ಸಿಂಹಳ ಮಾತ್ರ' ಅಂದುಬಿಟ್ಟಿತು. ಅದರ ತಮಿಳು ನಾಯಕರು ಪಕ್ಷ ಬಿಟ್ಟರು. ಬುದ್ಧನ ಪರಿನಿರ್ವಾಣದ 2500ನೇ ವರ್ಷಾಚರಣೆಯ ಉತ್ಸಾಹವೂ ಅದೇ ಹೊತ್ತಿಗೆ ಸೇರಿಕೊಂಡಿತ್ತು. ಏಪ್ರಿಲ್ ಚುನಾವಣೆಯಲ್ಲಿ ಬಂಡಾರನಾಯಕೆಯ ಒಕ್ಕೂಟಕ್ಕೆ 95ರಲ್ಲಿ 51 ಸ್ಥಾನ, ಯುಎನ್‌ಪಿಗೆ ಬರೀ 8.

ಜೂನ್ 5ರಂದು ಮಸೂದೆ ಮಂಡನೆಯಾಯ್ತು. ಅಂದು ಸಂಸತ್ ಭವನದ ಹತ್ತಿರದ ಗಾಲೆ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತಿದ್ದ ಚೆಲ್ವನಾಯಗಂ ಮತ್ತು ಸಂಗಡಿಗರ ಮೇಲೆ ಗುಂಪು ಹಲ್ಲೆ ಮಾಡಿತು. ಗಲಭೆ ಬೇರೆ ಕಡೆಗೂ ಹಬ್ಬಿತು. ಮಸೂದೆ 56–29 ಮತಗಳಿಂದ ಪಾಸಾಯ್ತು. ಆಡಳಿತ ಪಕ್ಷವೂ ಯುಎನ್‌ಪಿಯೂ ಒಂದೇ ಕಡೆ ಮತ ಹಾಕಿದವು. ವಿರೋಧಿಸಿದ್ದು ತಮಿಳು ಪಕ್ಷಗಳು ಮತ್ತು ಎಡಪಕ್ಷಗಳು. ಎರಡು ಭಾಷೆ ಒಪ್ಪಿಕೊಂಡರೆ ಒಂದೇ ದೇಶ ಉಳಿಯುತ್ತೆ, ಒಂದೇ ಭಾಷೆ ಅಂದರೆ ಎರಡು ದೇಶ ಆಗುತ್ತೆ ಅಂತ ಅಂದು ಎಚ್ಚರಿಸಿದವರು ಸಮಸಮಾಜ ಪಕ್ಷದ ಕಾಲ್ವಿನ್ ಆರ್. ಡಿ ಸಿಲ್ವಾ.

ಎರಡು ಒಪ್ಪಂದ, ಎರಡೂ ಹರಿದವು

ಬಂಡಾರನಾಯಕೆಗೆ ತಾನು ಎಬ್ಬಿಸಿದ್ದರ ಬಿಸಿ ಬೇಗ ತಟ್ಟಿತು. 1957ರ ಜುಲೈ 26ರಂದು ಅವರು ಚೆಲ್ವನಾಯಗಂ ಜೊತೆ ಒಪ್ಪಂದ ಮಾಡಿಕೊಂಡರು. ಸಿಂಹಳದ ಅಧಿಕೃತ ಸ್ಥಾನ ಹಾಗೇ ಇರುತ್ತೆ. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಆಡಳಿತ ತಮಿಳಿನಲ್ಲಿ ನಡೆಯುತ್ತೆ. ಪ್ರಾದೇಶಿಕ ಮಂಡಳಿಗಳಿಗೆ ಕೃಷಿ, ಶಿಕ್ಷಣ, ಹೊಸ ವಸಾಹತುಗಳ ಭೂಮಿ ಹಂಚಿಕೆಯಂಥ ಅಧಿಕಾರ. ನಮ್ಮ ರಾಜ್ಯಗಳಿಗೆ ಇರುವುದಕ್ಕಿಂತ ಬಹಳ ಕಡಿಮೆ ಅಧಿಕಾರ ಅದು.

ಇದನ್ನು ದೇಶ ಮಾರಾಟ ಅಂತ ಕೂಗಿದ್ದು ವಿರೋಧ ಪಕ್ಷದಲ್ಲಿದ್ದ ಯುಎನ್‌ಪಿ. 1944ರ ನಿರ್ಣಯದ ಅದೇ ಜಯವರ್ಧನೆ ಅಕ್ಟೋಬರ್‌ನಲ್ಲಿ ಕ್ಯಾಂಡಿಗೆ ಪಾದಯಾತ್ರೆ ಹೊರಟರು, ದಾರಿಯಲ್ಲೇ ಅವರನ್ನು ತಡೆಯಲಾಯ್ತು. 1958ರ ಆರಂಭದಲ್ಲಿ ವಾಹನಗಳ ನಂಬರ್ ಪ್ಲೇಟಿನಲ್ಲಿದ್ದ ಸಿಂಹಳದ 'ಶ್ರೀ' ಅಕ್ಷರ ಜಗಳಕ್ಕೆ ಕಾರಣವಾಯ್ತು. ಆಗಷ್ಟೇ ರಾಷ್ಟ್ರೀಕರಣವಾದ ಬಸ್‌ಗಳು ಆ ಪ್ಲೇಟ್ ಹೊತ್ತು ಉತ್ತರಕ್ಕೆ ಹೋದವು. ಅಲ್ಲಿ 'ಶ್ರೀ'ಗೆ ಟಾರು ಬಳಿದರು. ದಕ್ಷಿಣದಲ್ಲಿ ಪ್ರತೀಕಾರವಾಗಿ ತಮಿಳು ಬೋರ್ಡುಗಳಿಗೆ ಟಾರು ಬಿತ್ತು. ಏಪ್ರಿಲ್ 9ರಂದು ಭಿಕ್ಖುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು. ಬಂಡಾರನಾಯಕೆ ಅವತ್ತೇ ಒಪ್ಪಂದ ಕೈಬಿಟ್ಟರು. ಮೇ ತಿಂಗಳಲ್ಲಿ ಗಲಭೆ ಹತ್ತಿಕೊಂಡು ನೂರಕ್ಕೂ ಹೆಚ್ಚು ಜನ ಸತ್ತರು. ಕೊಲಂಬೋದ ತಮಿಳರನ್ನು ಹಡಗುಗಳಲ್ಲಿ ಜಾಫ್ನಾಕ್ಕೆ ಸಾಗಿಸಬೇಕಾಯ್ತು. ತಮ್ಮದೇ ದೇಶದಲ್ಲಿ ತಮಗೆ ಸುರಕ್ಷಿತ ಜಾಗ ಯಾವುದು ಅಂತ ಸರ್ಕಾರವೇ ತೋರಿಸಿದಂತಾಯ್ತು. 1959ರ ಸೆಪ್ಟೆಂಬರ್‌ನಲ್ಲಿ ಒಬ್ಬ ಬೌದ್ಧ ಭಿಕ್ಖುವಿನ ಗುಂಡಿಗೆ ಬಂಡಾರನಾಯಕೆ ಬಲಿಯಾದರು.

1960ರ ಜುಲೈನಲ್ಲಿ ಪತ್ನಿ ಸಿರಿಮಾವೊ ಬಂಡಾರನಾಯಕೆ ಪ್ರಧಾನಿಯಾದರು, ಜಗತ್ತಿನ ಮೊದಲ ಮಹಿಳಾ ಪ್ರಧಾನಿ. 'ಸಿಂಹಳ ಮಾತ್ರ' ನೀತಿಯ ಜಾರಿ ಬಿಗಿಯಾಯ್ತು. 1965ರಲ್ಲಿ ಸರದಿ ತಿರುಗಿತು. ಡಡ್ಲಿ ಸೇನಾನಾಯಕೆ ಅಧಿಕಾರಕ್ಕೆ ಬರಲು ಫೆಡರಲ್ ಪಾರ್ಟಿಯ ಬೆಂಬಲ ಬೇಕಿತ್ತು. ಹಾಗಾಗಿ ಈ ಬಾರಿ ಒಪ್ಪಂದ ಮಾಡಿಕೊಂಡಿದ್ದು ಯುಎನ್‌ಪಿ. ದೇಶ ಮಾರಾಟ ಅಂತ ಕೂಗಿದ್ದು ಫ್ರೀಡಂ ಪಾರ್ಟಿ. ಅದರ ಜೊತೆಗೆ ಎಡಪಕ್ಷಗಳೂ ನಿಂತಿದ್ದವು! 1966ರ ಜನವರಿಯ ಪ್ರತಿಭಟನೆಯಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಭಿಕ್ಖು ಸತ್ತರು. ಜಿಲ್ಲಾ ಮಂಡಳಿಗಳ ಮಸೂದೆಯನ್ನು 1968ರಲ್ಲಿ ಸರ್ಕಾರ ಕೈಬಿಟ್ಟಿತು.

ಇಲ್ಲಿ ಒಂದು ಮಾದರಿ ಕಾಣುತ್ತೆ. ಅಧಿಕಾರದಲ್ಲಿದ್ದಾಗ ಇಬ್ಬರಿಗೂ ರಾಜಿ ಬೇಕು, ಯಾಕಂದರೆ ದೇಶ ನಡೆಸಬೇಕು. ವಿರೋಧ ಪಕ್ಷದಲ್ಲಿದ್ದಾಗ ಇಬ್ಬರಿಗೂ ಅದೇ ರಾಜಿ ಮುರೀಬೇಕು, ಯಾಕಂದರೆ ಅಧಿಕಾರಕ್ಕೆ ಬರಬೇಕು. ತಮಿಳರನ್ನು ವೈಯಕ್ತಿಕವಾಗಿ ದ್ವೇಷಿಸದ ನಾಯಕರೂ ಹೀಗೇ ನಡೆದುಕೊಂಡರು. ಅದಕ್ಕೇ ಇದನ್ನು ಒಬ್ಬ ಖಳನಾಯಕನ ಕಥೆಯಾಗಿ ಹೇಳೋಕಾಗಲ್ಲ.

ಸುಳ್ಯಕ್ಕೆ ಬಂದ ದಾರಿ

ಈ ನಡುವೆ ತೋಟದ ಜನ ಯಾವ ದೇಶದವರೂ ಆಗದೆ ಉಳಿದಿದ್ದರು. ಬಹಳ ಕಾಲದಿಂದ ಅಲ್ಲೇ ನೆಲೆಸಿದವರು ಸಿಲೋನ್‌ನ ಜವಾಬ್ದಾರಿ ಅನ್ನೋದು ನೆಹರೂ ನಿಲುವು. ಅವರು ತೀರಿಕೊಂಡ ಮೇಲೆ, 1964ರ ಅಕ್ಟೋಬರ್ 30ರಂದು ಸಿರಿಮಾವೊ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9.75 ಲಕ್ಷ ಜನ. ಭಾರತಕ್ಕೆ 5.25 ಲಕ್ಷ, ಸಿಲೋನ್‌ಗೆ 3 ಲಕ್ಷ, ಉಳಿದ 1.5 ಲಕ್ಷದ ಲೆಕ್ಕ ಆಮೇಲೆ. ಆ ಲೆಕ್ಕ 1974ರಲ್ಲಿ ಮುಗೀತು, ತಲಾ 75 ಸಾವಿರ. ಯಾರಿಗೆ ಯಾವ ದೇಶ ಬೇಕು ಅಂತ ಈ ಜನರನ್ನು ಕೇಳದೆ ಮಾಡಿದ ಹಂಚಿಕೆ ಇದು.

ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಹಡಗು ದಾಟಿ ಲಕ್ಷಾಂತರ ಜನ, ಎಂದೂ ನೋಡದ 'ತಾಯ್ನಾಡಿಗೆ' ಬಂದರು. ಕೆಲವರಿಗೆ ನೀಲಗಿರಿಯ ಟೀ ತೋಟ, ಕೆಲವರಿಗೆ ಕೇರಳದ ರಬ್ಬರ್ ತೋಟ, ಕೆಲವರಿಗೆ ಸುಳ್ಯ, ಪುತ್ತೂರಿನ ಕಾಡಂಚು. ಅಲ್ಲಿ ಅವರನ್ನು 'ಇಂಡಿಯಾದವರು' ಅಂದಿದ್ದರು, ಇಲ್ಲಿ 'ಸಿಲೋನಿನವರು' ಆದರು.

1972: ಗಣರಾಜ್ಯ ಯಾರದ್ದು?

1970ರಲ್ಲಿ ಸಿರಿಮಾವೊ ನಾಯಕತ್ವದಲ್ಲಿ ಫ್ರೀಡಂ ಪಾರ್ಟಿ, ಸಮಸಮಾಜ ಪಕ್ಷ, ಕಮ್ಯುನಿಸ್ಟ್ ಪಕ್ಷಗಳ ಸಂಯುಕ್ತ ರಂಗ 151ರಲ್ಲಿ 116 ಸ್ಥಾನ ಗೆದ್ದಿತು. ಡೊಮಿನಿಯನ್ ಸ್ಥಾನ ಬಿಟ್ಟು ಗಣರಾಜ್ಯ ಮಾಡೋದು ಅದರ ಭರವಸೆ. ಬ್ರಿಟಿಷ್ ರಾಣಿಯಿಂದ ಬಿಡುಗಡೆ ಯಾರಿಗೆ ಬೇಡ? 1971ರ ಏಪ್ರಿಲ್‌ನಲ್ಲಿ ಕೆಲಸವಿಲ್ಲದ ಸಿಂಹಳ ಯುವಕರ ಜೆವಿಪಿ ದಂಗೆ ಎದ್ದಿತು, ಸಾವಿರಾರು ಯುವಕರು ಸತ್ತರು. ಅಂದರೆ ಯಾರ ಹೆಸರಲ್ಲಿ 'ಸಿಂಹಳ ಮಾತ್ರ' ತಂದರೋ ಆ ಹಳ್ಳಿಯ ಮಕ್ಕಳಿಗೂ ಭಾಷಾ ಕಾಯ್ದೆಯಿಂದ ಕೆಲಸ ಸಿಕ್ಕಿರಲಿಲ್ಲ.

ಸಂವಿಧಾನ ಸಭೆಯಲ್ಲಿ ಫೆಡರಲ್ ಪಾರ್ಟಿಯ ತಿದ್ದುಪಡಿಗಳು ಬಿದ್ದುಹೋದವು, ಅದು ಸಭೆ ಬಿಟ್ಟು ಹೊರನಡೆಯಿತು. 1972ರ ಮೇ 22ರಂದು ಜಾರಿಗೆ ಬಂದ ಸಂವಿಧಾನ ದೇಶಕ್ಕೆ ಶ್ರೀಲಂಕಾ ಅಂತ ಹೆಸರಿಟ್ಟಿತು, ಅದನ್ನು ಏಕಘಟಕ ರಾಜ್ಯ ಅಂತ ಸಾರಿತು. ಸಿಂಹಳಕ್ಕೆ ಸಂವಿಧಾನದ ಸ್ಥಾನ, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. ಮೂಲಭೂತ ಹಕ್ಕುಗಳ ಅಧ್ಯಾಯ ಬಂದರೂ ಹಳೆಯ 29ನೇ ಸೆಕ್ಷನ್ ಹೋಯಿತು. ಈ ಸಂವಿಧಾನ ರೂಪಿಸಿದ ಮಂತ್ರಿ ಯಾರು ಗೊತ್ತಾ? 1956ರಲ್ಲಿ ಎಚ್ಚರಿಕೆ ಕೊಟ್ಟಿದ್ದ ಅದೇ ಕಾಲ್ವಿನ್ ಆರ್. ಡಿ ಸಿಲ್ವಾ.

ಹರಾಜಿನಲ್ಲಿ ಭಾಗವಹಿಸಲ್ಲ ಅಂದ ಪಕ್ಷವೂ, ಅದರಲ್ಲಿ ಭಾಗವಹಿಸದೆ ಗೆಲ್ಲೋಕಾಗಲ್ಲ ಅಂತ ತೀರ್ಮಾನಿಸಿದಾಗ, ಸಂಸತ್ತಿನ ದಾರಿಯ ಮೇಲೆ ತಮಿಳು ಯುವಕರ ನಂಬಿಕೆ ಸಡಿಲವಾಯ್ತು. ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ಮಾಧ್ಯಮದವರು ಹೆಚ್ಚು ಅಂಕ ತರಬೇಕೆಂಬ ನಿಯಮವೂ ಇದೇ ಹೊತ್ತಿಗೆ ಬಂದಿತ್ತು. ಜೀವನವಿಡೀ ಒಕ್ಕೂಟ ಕೇಳಿದ, ಸತ್ಯಾಗ್ರಹ ಬಿಟ್ಟು ಬೇರೆ ದಾರಿ ಹಿಡಿಯದ ಚೆಲ್ವನಾಯಗಂ ಅವರ ಮುಂದಾಳತ್ವದಲ್ಲೇ 1976ರ ಮೇ 14ರಂದು ವಟ್ಟುಕೋಟ್ಟೈನಲ್ಲಿ ಪ್ರತ್ಯೇಕ ದೇಶದ ನಿರ್ಣಯ ಆಯ್ತು. 1983ರ ಜುಲೈನಿಂದ ಯುದ್ಧ. ಅದು ಮುಗಿದಿದ್ದು 2009ರ ಮೇನಲ್ಲಿ.

ನಮಗೆ ಇದರಲ್ಲಿ ಏನಿದೆ?

ಸಿಲೋನ್ 'ಸಿಂಹಳ ಮಾತ್ರ' ಅಂದ 1956ರಲ್ಲೇ ಭಾರತದಲ್ಲಿ ಭಾಷಾವಾರು ರಾಜ್ಯಗಳು ಬಂದವು. ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದವು. ದೆಹಲಿಯ ನಾಯಕರಿಗೂ ಇದು ದೇಶ ಒಡೆಯುತ್ತೆ ಅನ್ನೋ ಭಯವಿತ್ತು. ಜನಚಳವಳಿ ಅವರನ್ನು ಒಪ್ಪಿಸಿತು. 1965ರ ಹಿಂದಿ ವಿರೋಧಿ ಹೋರಾಟದ ನಂತರ, 1967ರ ತಿದ್ದುಪಡಿಯಿಂದ ಇಂಗ್ಲಿಷ್ ಮುಂದುವರಿಕೆಗೆ ಕಾನೂನಿನ ಖಾತ್ರಿ ಸಿಕ್ಕಿತು. ಅಧಿಕಾರ ಹಂಚಿದ್ದರಿಂದ ದೇಶ ಒಡೆಯಲಿಲ್ಲ. ಪ್ರಾದೇಶಿಕ ಮಂಡಳಿಯನ್ನೂ ಕೊಡಲ್ಲ ಅಂದ ಕಡೆ ಯುದ್ಧ ನಡೆಯಿತು.

ಹಾಗಂತ ನಾವು ಬಹಳ ಜಾಣರು ಅಂತ ಬೆನ್ನು ತಟ್ಟಿಕೊಳ್ಳೋ ಹಾಗಿಲ್ಲ. ಅಪ್ಪ, ಅಜ್ಜ ಎಲ್ಲಿ ಹುಟ್ಟಿದ್ದು ಅಂತ ದಾಖಲೆ ಕೇಳುವ ನಿಯಮ, ಮತದಾರರ ಪಟ್ಟಿಯಿಂದ ಸದ್ದಿಲ್ಲದೆ ಹೋಗುವ ಹೆಸರುಗಳು, ರಾಜಿ ಮಾಡಿಕೊಂಡವರಿಗೆಲ್ಲ ದೇಶದ್ರೋಹಿ ಪಟ್ಟ, ಇವ್ಯಾವುವೂ ನಮಗೆ ದೂರದ ಮಾತಲ್ಲ. ಇಂಥ ಕಾನೂನು ಬಂದಾಗ ಅದರ ಪಠ್ಯದಲ್ಲಿ ಯಾವ ಸಮುದಾಯದ ಹೆಸರಿದೆ ಅಂತ ಹುಡುಕಿದರೆ ಸಾಲದು. ಯಾರ ಮತ ಹೋಗುತ್ತೆ, ಆಮೇಲೆ ಯಾರ ಮತ ಬೇಕಾಗಲ್ಲ ಅಂತ ಲೆಕ್ಕ ಹಾಕಬೇಕು. 1948ರಲ್ಲಿ ಕೊಲಂಬೋದಲ್ಲಿ ಈ ಲೆಕ್ಕ ಹಾಕಿದವರು ಕೆಲವರೇ. ಮಂತ್ರಿಗಿರಿ ಸಿಕ್ಕ ತಮಿಳು ನಾಯಕನೂ ತೋಟದವರದ್ದು ಬೇರೆ ವಿಷಯ ಅಂದುಕೊಂಡರು.

ದ್ವೀಪದಲ್ಲಿ ಪೌರತ್ವವಿಲ್ಲದೆ ಉಳಿದಿದ್ದ ಭಾರತ ಮೂಲದವರಿಗೆ 2003ರಲ್ಲಿ ಶ್ರೀಲಂಕಾ ಸಂಸತ್ತು ಪೌರತ್ವ ಕೊಡುವ ಕಾನೂನು ಮಾಡಿತು. ತಪ್ಪು ತಿದ್ದೋಕೆ 55 ವರ್ಷ ಹಿಡಿಯಿತು. ಅದು ಅನ್ವಯಿಸಿದ್ದು ಅಲ್ಲೇ ಉಳಿದವರಿಗೆ ಮಾತ್ರ. ಸುಳ್ಯದ ತೋಟಗಳಿಗೆ ಬಂದವರು ಅಷ್ಟರಲ್ಲಿ ಇಲ್ಲಿನ ಮತದಾರರಾಗಿದ್ದರು, ಅವರ ಮಕ್ಕಳು ಕನ್ನಡ ಶಾಲೆಗೆ ಹೋಗ್ತಿದ್ದರು.